ಕೆನ್ನೆಗೆ ಹತ್ತದ ಮಸಿ

ಸುಟ್ಟ ಬೆಲ್ಲದಂಥ ವಾಸನೆ ಮೂಗಿಗೆ ಬಡಿದಾಗ ನಾನು ಲ್ಯಾಬಿನ ಕಾರಿಡಾರ್ ಒರೆಸುತ್ತಿದ್ದೆ. ಹೆಬ್ಬಾಳದ ಈ ಲ್ಯಾಬಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿ ಆರು ವರ್ಷವಾಗಿದೆ. ಇಲ್ಲಿನ ವಾಸನೆಗಳೆಲ್ಲ ನನಗೆ ಗೊತ್ತು. ಸ್ಪಿರಿಟ್ಟು, ಆಸಿಡ್ಡು, ಮಧ್ಯಾಹ್ನ ಕೆಳಗಿನ ಕ್ಯಾಂಟೀನಿನಿಂದ ಮೆಟ್ಟಿಲು ಹತ್ತಿ ಬರುವ ಒಗ್ಗರಣೆ. ಇದು ಅವು ಯಾವುದೂ ಅಲ್ಲ. ಇದು ಕಾಕಂಬಿ ಬೇಯುವ ವಾಸನೆ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವನ್ನು ಕಾಕಂಬಿ ಅನ್ನುತ್ತಾರೆ. ಅದನ್ನು ಮರಳಿಗೆ ಕಲಸಿ ಒಲೆಗೆ ಇಟ್ಟರೆ ಮೊದಲು ಸಿಹಿ ವಾಸನೆ ಬರುತ್ತದೆ, ಆಮೇಲೆ ಗಂಟಲು ಹಿಡಿಯುತ್ತದೆ. ಅದು ನನ್ನ ಮೂಗಿಗೆ ಬಿದ್ದು ಮೂವತ್ತು ವರ್ಷದ ಮೇಲಾಗಿತ್ತು...

ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ. ಮೇಡಂ ಒಬ್ಬರೇ ಇದ್ದರು. ಹಳೇ ಕಾಲದ ಲೋಹದ ಸಾಮಾನುಗಳನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ನನ್ನ ಮಗಳ ವಯಸ್ಸಿನವರು. ಕಡಲೆಕಾಳಿನಷ್ಟು ಕಬ್ಬಿಣದ ಚೂರನ್ನು ಕಪ್ಪು ಪುಡಿಯೊಳಗೆ ಇಟ್ಟು, ಸಣ್ಣ ಪ್ರೆಸ್ಸಿನಲ್ಲಿ ಬಿಸಿ ಮಾಡಿ ಒತ್ತುತ್ತಿದ್ದರು. ಹಾಗೆ ಮಾಡಿದರೆ ಚೂರು ಕೋಟಿನ ಗುಂಡಿಯಂಥ ಒಂದು ಬಿಲ್ಲೆಯೊಳಗೆ ಕೂರುತ್ತದೆ. ಆ ಬಿಲ್ಲೆಯನ್ನು ಕನ್ನಡಿಯಂತಾಗುವವರೆಗೆ ಉಜ್ಜಿ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಬೆಲ್ಲ ಸುಟ್ಟ ವಾಸನೆ ಬರುತ್ತಿದೆಯಲ್ಲ ಎಂದೆ. ಅವರು ಎರಡು ಸಲ ಮೂಗೆಳೆದು ನೋಡಿದರು. ಪುಡಿ ಬಿಸಿಯಾದಾಗ ಪ್ಲಾಸ್ಟಿಕ್ ಕರಗಿದ ಹಾಗೆ ಬರುವುದುಂಟು, ಬೆಲ್ಲದ ವಾಸನೆಯಂತೂ ಇಲ್ಲ ಎಂದರು.

ಆಗ ಮೇಜಿನ ಮೇಲಿದ್ದದ್ದು ಕಣ್ಣಿಗೆ ಬಿತ್ತು. ಬಿಳಿ ಬಟ್ಟೆಯ ಮೇಲೆ ತುಕ್ಕು ಹಿಡಿದ, ಹೊಟ್ಟೆ ಉಬ್ಬಿದ ಒಂದು ಕಬ್ಬಿಣದ ಪಾತ್ರೆ. ಬಾಯಿ ಅರ್ಧ ಒಡೆದಿತ್ತು. ಚಿಕ್ಕಜಾಲದ ಹತ್ತಿರ ಯಾವುದೋ ಕಟ್ಟಡಕ್ಕೆ ಪಾಯ ತೆಗೆಯುವಾಗ ಸಿಕ್ಕಿತಂತೆ. ಐದಾರು ನೂರು ವರ್ಷ ಹಳೆಯದಿರಬಹುದು ಎಂದು ಅವರ ಅಂದಾಜು. ಅದರ ಪಕ್ಕದಲ್ಲಿ, ಅದರ ಬಾಯಿಂದ ಮುರಿದು ಬಂದ ಅಂಗೈ ಅಗಲದ ಒಂದು ಚೂರು. ಸ್ವಲ್ಪ ಬಾಗಿತ್ತು. ಒಳಮೈಯಲ್ಲಿ ಸಾಸಿವೆಯಷ್ಟು, ಮೆಣಸಿನಷ್ಟು ದುಂಡನೆಯ ತೂತುಗಳು ಗುಂಪಾಗಿ ಇದ್ದವು.

ಅಂಥದ್ದೇ ಒಂದು ಚೂರು ನನ್ನ ಅಣ್ಣನ ದಿಂಬಿನ ಕೆಳಗೆ ಹನ್ನೊಂದು ವರ್ಷ ಇತ್ತು. ಅವನು ತೀರಿಕೊಂಡ ದಿನ ಹಾಸಿಗೆ ಸುತ್ತುವಾಗ ನೋಡಿದರೆ ಅದು ಇರಲಿಲ್ಲ. ಮಂಚದ ಕೆಳಗೆ, ಅಟ್ಟದ ಮೇಲೆ, ಹಿತ್ತಲಲ್ಲಿ ಎಲ್ಲ ಕಡೆ ಹುಡುಕಿದೆವು. ಕೊನೆಯ ದಿನಗಳಲ್ಲಿ ಎದ್ದು ನಾಲ್ಕು ಹೆಜ್ಜೆ ಇಡಲಾಗದಿದ್ದವನು ಅದನ್ನು ಎಲ್ಲಿ ಇಟ್ಟನೋ... ಇದು ಅದಲ್ಲ ಎಂದು ನನಗೂ ಗೊತ್ತು. ಆದರೂ ಆ ಬಾಗು, ಆ ತೂತುಗಳು.

ಅಣ್ಣ ನನಗಿಂತ ಹತ್ತು ವರ್ಷ ದೊಡ್ಡವನು. ಅಪ್ಪ ಅಮ್ಮ ಬೇಗ ಹೋದ್ದರಿಂದ ನನ್ನನ್ನು ಸಾಕಿದ್ದು ಅವನೇ. ಸ್ಕೂಲಿಗೆ ಹೋಗುವಾಗ ಜಡೆ ಹಾಕುತ್ತಿದ್ದವನೂ ಅವನೇ. ಮರಳು ಒತ್ತಿ ಒತ್ತಿ ಗಟ್ಟಿಯಾದ ಕೈ. ಅವನು ಹಾಕಿದ ಜಡೆ ಎಷ್ಟು ಬಿಗಿ ಎಂದರೆ ಸಂಜೆಯವರೆಗೂ ಹುಬ್ಬು ಮೇಲಕ್ಕೇ ಇರುತ್ತಿತ್ತು. ಏಳನೇ ಕ್ಲಾಸಿಗೆ ನಾನು ಸ್ಕೂಲು ಬಿಟ್ಟೆ. ಮನೆಯಲ್ಲಿ ಒಬ್ಬಳೇ ಕೂರುವುದು ಬೇಡವೆಂದು ಅವನು ತನ್ನ ಜೊತೆ ಫೌಂಡ್ರಿಗೆ ಕರೆದುಕೊಂಡು ಹೋದ.

ಬಾಗಲಗುಂಟೆಯಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ, ಶೀಟು ಹೊದಿಸಿದ ಶೆಡ್ಡಿನಲ್ಲಿ ಆ ಫೌಂಡ್ರಿ ಇತ್ತು. ಕಬ್ಬಿಣ ಕರಗಿಸಿ ಬಾಣಲೆ, ದೋಸೆ ಕಾವಲಿ, ಡಾಂಬರು ಕಾಯಿಸುವ ಹೊಟ್ಟೆಪಾತ್ರೆ ಎರಕ ಹೊಯ್ಯುತ್ತಿದ್ದರು. ಅಣ್ಣ ಅಲ್ಲಿ ಮೋಲ್ಡರ್. ಮರಳಿನಲ್ಲಿ ಅಚ್ಚು ಮಾಡುವುದು, ಅದರೊಳಗೆ ಕಾದ ಕಬ್ಬಿಣ ಸುರಿಯುವುದು ಅವನ ಕೆಲಸ. ಅವನಿಗೆ ಕೆಲಸ ಕಲಿಸಿದ ತಮಿಳಿನ ಮುದುಕರು ಬಾಣಲೆಗೆ ಚೀನಚಟ್ಟಿ ಅನ್ನುತ್ತಿದ್ದರು. ಅಣ್ಣನೂ ಹಾಗೇ ಅನ್ನುತ್ತಿದ್ದ. ಯಾಕೆ ಹಾಗನ್ನುತ್ತಾರೆ ಎಂದು ನಾನೂ ಕೇಳಲಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣೆ. ಎರಕ ತಣ್ಣಗಾದ ಮೇಲೆ ಬೆರಳ ಗಿಣ್ಣಿನಿಂದ ಬಾಯಂಚಿಗೆ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದ. ಅದಕ್ಕೆ ಅವನು ಪಾತ್ರೆ ಮಾತಾಡಿಸುವುದು ಅನ್ನುತ್ತಿದ್ದ. ಸರಿಯಿದ್ದರೆ ಗುಂಯ್ ಎಂದು ಬಹಳ ಹೊತ್ತು ನಿಲ್ಲುತ್ತಿತ್ತು. ಬಿರುಕಿದ್ದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಅದು ಮೂಗಿ.

ನನ್ನದು ಕೋರಿನ ಕೆಲಸ. ಪಾತ್ರೆಯ ಹೊಟ್ಟೆಯೊಳಗೆ ಖಾಲಿ ಉಳಿಯಬೇಕಲ್ಲ, ಆ ಖಾಲಿಯ ಆಕಾರದಲ್ಲಿ ಮರಳಿನ ಗಡ್ಡೆ ಮಾಡಿ ಅಚ್ಚಿನ ನಡುವೆ ಇಡುತ್ತಾರೆ. ಅದೇ ಕೋರು. ಕಬ್ಬಿಣ ಅದರ ಸುತ್ತ ಹರಿದು ಗಟ್ಟಿಯಾಗುತ್ತದೆ, ಆಮೇಲೆ ಗಡ್ಡೆ ಒಡೆದು ತೆಗೆಯುತ್ತಾರೆ. ಮರಳಿಗೆ ಕಾಕಂಬಿ ಕಲಸಿ ಕೋರು ಕಟ್ಟಿ, ಮೇಲೆ ಪೆನ್ಸಿಲ್ಲಿಗೆ ಹಾಕುವಂಥ ಕಪ್ಪು ಸೀಸದ ಪುಡಿಯ ನೀರು ಬಳಿದು, ಒಲೆಯಲ್ಲಿ ಒಣಗಿಸುತ್ತಿದ್ದೆ. ಒಣಗಿದ್ದಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ. ಗೆರೆ ಇದ್ದ ಕೋರನ್ನು ಅಣ್ಣ ಕಣ್ಣುಮುಚ್ಚಿ ಎತ್ತಿಕೊಳ್ಳುತ್ತಿದ್ದ. ಒಳಗೆ ಒಂದು ಹನಿ ನೀರು ಉಳಿದಿದ್ದರೂ ಕಾದ ಕಬ್ಬಿಣ ತಾಕಿದ ಕೂಡಲೇ ಆವಿಯಾಗಿ, ಕಬ್ಬಿಣವನ್ನು ಸುರಿದವನ ಮೇಲೇ ಎಸೆಯುತ್ತದೆ.

ಒಣಗಿದೆಯೋ ಇಲ್ಲವೋ ನೋಡುವುದಕ್ಕೆ ಇದ್ದದ್ದು ಒಂದೇ ದಾರಿ. ಕೋರಿಗೆ ಕೆನ್ನೆ ಒತ್ತಬೇಕು. ಒಳಗೆ ತೇವವಿದ್ದರೆ ಮೇಲೆ ಬೆಚ್ಚಗಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಣ್ಣಗೆ ಚುಚ್ಚುತ್ತದೆ. ಕೈಯಿಂದ ಮುಟ್ಟಿದರೆ ಸಾಲದೇ ಎಂದು ಮೊದಲ ವಾರ ಕೇಳಿದ್ದೆ. ಅಣ್ಣ ನನ್ನ ಅಂಗೈ ತಿರುಗಿಸಿ ನೋಡಿ ನಕ್ಕ. "ಇದೂ ನನ್ ಕೈ ತರಾನೇ ಆಗೋಯ್ತು ಕಣವ್ವ, ಇದಕ್ಕೇನೂ ಗೊತ್ತಾಗಲ್ಲ. ಕೆನ್ನೆ ಕೇಳು." ಹಾಗಾಗಿ ದಿನವಿಡೀ ನನ್ನ ಬಲಗೆನ್ನೆ ಮಸಿ. ಶೆಡ್ಡಿನವರು ನನ್ನನ್ನು ಅರ್ಧ ಹುಣ್ಣಿಮೆ ಅರ್ಧ ಅಮಾವಾಸ್ಯೆ ಎಂದು ಕರೆಯುತ್ತಿದ್ದರು. ಸಾಬೂನಿಗೂ ಪೂರ್ತಿ ಹೋಗದ ಮಸಿ ಅದು.

ಅವತ್ತು ಶುಕ್ರವಾರ. ಸಂಜೆ ಯಲಹಂಕದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವುದಿತ್ತು. ನನ್ನದಾಗದೆ ತಾನು ಮದುವೆಯಾಗಲ್ಲ ಎಂದು ಅಣ್ಣ ಹಟ ಹಿಡಿದಿದ್ದ. ಮಧ್ಯಾಹ್ನವೇ ಹೊರಡಲು ನನಗೆ ಬಿಡುವು ಕೊಡಿಸಿದ್ದ. ನಲ್ಲಿಯಲ್ಲಿ ಮುಖವನ್ನು ಮೂರು ಸಲ ತಿಕ್ಕಿ ತೊಳೆದು, ಪೌಡರ್ ಹಚ್ಚಿಕೊಂಡು, ಚೀಲ ತೆಗೆದುಕೊಂಡು ಬಾಗಿಲಿಗೆ ಬಂದೆ. ಅಚ್ಚಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಅಣ್ಣ ತಲೆ ಎತ್ತದೆ, ಹೊಟ್ಟೆಪಾತ್ರೆಯ ಕೋರು ಒಂದು ಉಳಿದಿದೆ, ಅದನ್ನು ನೋಡಿ ಗೆರೆ ಎಳೆದು ಹೋಗು ಎಂದ. ಆಮೇಲೆ ನನ್ನ ಮುಖ ನೋಡಿ ನಕ್ಕು, "ಓ, ಇವತ್ತು ಪೂರ್ತಿ ಹುಣ್ಣಿಮೆ" ಎಂದ.

ಒಲೆಯ ಹತ್ತಿರ ಹೋದೆ. ಕೊಡದ ಗಾತ್ರದ ಕೋರು. ಕರ್ರಗೆ ಹೊಳೆಯುತ್ತಿತ್ತು. ಬಗ್ಗಿದೆ. ಅದರ ಶಾಖ ಮುಖಕ್ಕೆ ತಾಗಿತು. ಪೌಡರ್ ವಾಸನೆ ನನ್ನ ಮೂಗಿಗೇ ಬಂತು... ಒಲೆಯ ಕಡೆ ಇದ್ದ ಮೈಯನ್ನು ಅಂಗೈಯಿಂದ ಮುಟ್ಟಿದೆ. ಬೆಚ್ಚಗಿತ್ತು. ಗೋಡೆಯ ಕಡೆ ಇದ್ದ ಮೈಯನ್ನು ಮುಟ್ಟಲೂ ಇಲ್ಲ. ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದೆ. ಕೈಗೆ ಹತ್ತಿದ ಮಸಿಯನ್ನು ಸೀರೆಗೆ ತಾಗದ ಹಾಗೆ ಗೋಡೆಗೆ ಒರೆಸಿ ಮನೆಗೆ ನಡೆದೆ.

ಮನೆಯಲ್ಲಿ ಕನ್ನಡಿ ಮುಂದೆ ನಿಂತಿದ್ದೆ. ಹೊತ್ತು ಇನ್ನೂ ಮೂರು ದಾಟಿರಲಿಲ್ಲ. ಗೂಡಿನಲ್ಲಿ ಬೋರಲು ಹಾಕಿದ್ದ ಕಬ್ಬಿಣದ ಬಾಣಲೆ, ಅಣ್ಣನೇ ಎರಕ ಹೊಯ್ದದ್ದು, ಯಾರೂ ಮುಟ್ಟದೆ ಒಂದು ಸಲ ಗುಂಯ್ ಎಂದಿತು. ತಿರುಗಿ ನೋಡಿದೆ. ಸದ್ದು ನಿಧಾನವಾಗಿ ಕರಗಿತು. ಎರಡು ಬೀದಿ ಆಚೆ ಆದ ಸದ್ದಿಗೆ ಅದು ಮಿಡಿದಿತ್ತೋ ಏನೋ. ನನಗಂತೂ ಬೇರೆ ಏನೂ ಕೇಳಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಒಬ್ಬರು ಓಡಿ ಬಂದರು.

ಅಚ್ಚು ಕಬ್ಬಿಣವನ್ನು ಉಗುಳಿತ್ತು. ಅಣ್ಣನ ಬಲಗಣ್ಣು ಹೋಯಿತು. ಎಡಗಣ್ಣು ಉಳಿಯಿತು. ಆಸ್ಪತ್ರೆಯಲ್ಲಿ ಮುಖದ ತುಂಬ ಬ್ಯಾಂಡೇಜು ಸುತ್ತಿದ್ದರು, ಬಾಯಿ ಮಾತ್ರ ಕಾಣುತ್ತಿತ್ತು. ನಾಲ್ಕನೇ ದಿನ, ನಾನು ಗಂಜಿ ಕುಡಿಸಿ ಬಾಯಿ ಒರೆಸುತ್ತಿರುವಾಗ ಅವನು ನನ್ನ ಮಣಿಕಟ್ಟು ಹಿಡಿದುಕೊಂಡ.

"ಕೆನ್ನೆಗೊತ್ತಿ ನೋಡಿದ್ದೆ ತಾನೆ?"

"ಊಂ ಅಣ್ಣ. ನೋಡಿದ್ದೆ."

ಹಿಡಿದ ಮಣಿಕಟ್ಟನ್ನು ಒಮ್ಮೆ ಒತ್ತಿದ. ಆಮೇಲೆ "ಅಂಗಾರೆ ತಪ್ಪು ನಂದೇ" ಎಂದು ನನ್ನ ಕೈ ಬಿಟ್ಟ.

ಆವಿ ಹೊರಗೆ ಹೋಗಲೆಂದು ಅಚ್ಚಿಗೆ ತಂತಿಯಿಂದ ಸಣ್ಣ ತೂತುಗಳನ್ನು ಚುಚ್ಚುತ್ತಾರೆ. ಅದರಲ್ಲಿ ತಾನೇ ಎಲ್ಲೋ ತಪ್ಪಿದೆ ಎಂದು ಅಣ್ಣ ಮಾಲೀಕರಿಗೆ ಹೇಳಿದ. ಎಲ್ಲರೂ ಅದನ್ನೇ ನಂಬಿದರು. ಒಡೆದ ಪಾತ್ರೆಯ ಒಂದು ಚೂರನ್ನು ಕೇಳಿ ಮನೆಗೆ ತಂದುಕೊಂಡ. ತಿಂಗಳು ಕಳೆದು ಗಂಡಿನ ಕಡೆಯವರು ಮತ್ತೆ ಬಂದರು. ಹುಡುಗಿಯ ಮುಖ ತಿಳಿಯಾಗಿದೆ, ಒಂದು ಕಲೆ ಇಲ್ಲ ಎಂದು ನನ್ನ ಅತ್ತೆಯಾಗುವವರು ಗಲ್ಲ ಹಿಡಿದು ಹೇಳಿದರು. ಪಕ್ಕದಲ್ಲಿ ಅಣ್ಣ ಕಣ್ಣಿಗೆ ಹತ್ತಿ ಮುಚ್ಚಿಕೊಂಡು ಕೂತು ನಗುತ್ತಿದ್ದ.

ಒಂದು ಕಣ್ಣಿದ್ದರೂ ಅವನು ಕೆಲಸ ಮಾಡಬಹುದಿತ್ತು. ಯಶವಂತಪುರದ ಕಡೆಯ ಒಂದು ಫೌಂಡ್ರಿಯವರು ಮನೆಗೇ ಬಂದು ಕರೆದರು. ಒಂದು ದಿನ ಹೋದ. ಅರ್ಧ ಅಚ್ಚು ಮಾಡಿ, ಎದ್ದು ನಿಂತು, ಕೈ ತೊಳೆದುಕೊಂಡು ವಾಪಸ್ಸು ಬಂದ. ನಾನು ಯಾಕೆ ಎಂದು ಕೇಳಿದೆ. ಕೇಳುವ ಮುಖ ನನಗೆ ಹೇಗಿತ್ತೋ... "ಎಲ್ ತಪ್ಪಿದೆ ಅಂತ್ಲೇ ಗೊತ್ತಾಗ್ತಿಲ್ಲ ಕಣವ್ವ. ಗೊತ್ತಾಗ್ದೆ ಇನ್ನೊಬ್ಬರ ಎದುರಿಗೆ ಎಂಗೆ ಕಬ್ಬಿಣ ಉಯ್ಯಲಿ?" ಎಂದ. ಕಣ್ಣು ತೆಗೆದದ್ದು ಕಬ್ಬಿಣ. ಕೈ ತೆಗೆದದ್ದು ನನ್ನ ಒಂದು ಮಾತು. ಆ ಹೊತ್ತಿಗಾದರೂ ಹೇಳಬಹುದಿತ್ತು. ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ಮಗಳು ಹುಟ್ಟಲಿ ಅಂದುಕೊಂಡೆ. ಆಮೇಲೆ ಇಷ್ಟು ವರ್ಷದ ಮೇಲೆ ಹೇಳಿ ಏನು ಅಂದುಕೊಂಡೆ.

ಅವನಿಗೆ ಮದುವೆಯಾಗಲಿಲ್ಲ. ನಾವು ಗಂಡ ಹೆಂಡತಿ ಬಾಗಲಗುಂಟೆಯ ಮನೆಯಲ್ಲೇ ಉಳಿದೆವು, ಅವನು ಹಿಂದಿನ ಕೋಣೆಯಲ್ಲಿದ್ದ. ಅಡುಗೆಮನೆಗೆ ಬಂದರೆ ಒಂದೊಂದು ಪಾತ್ರೆಗೂ ಮೂರು ಸಲ ತಟ್ಟಿ ಕಿವಿಗೊಡುತ್ತಿದ್ದ. ಹಿತ್ತಲ ಮೆಟ್ಟಿಲ ಮೇಲೆ ಕೂತು ಆ ಚೂರಿನ ತೂತುಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಮಗಳು, ಮಾಮ ಅದರಲ್ಲಿ ಏನು ಓದುತ್ತಾರಮ್ಮ ಎಂದು ಕೇಳುತ್ತಿದ್ದಳು.

ಒಂದು ಮಧ್ಯಾಹ್ನದ್ದು ಮರೆಯಲಾರೆ. ಬಟ್ಟೆ ಒಣಹಾಕಲು ಹಿತ್ತಲಿಗೆ ಬಂದವಳು ಅವನ ಬಲಗಡೆ, ಕಣ್ಣಿಲ್ಲದ ಕಡೆ ನಿಂತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು. ಅವನ ಕೈಗಳು ಗಾಳಿಯಲ್ಲಿ ಅಚ್ಚು ಮಾಡುತ್ತಿದ್ದವು. ಮರಳನ್ನು ಜರಡಿ ಹಿಡಿದವು, ಸುರಿದವು, ಒತ್ತಿದವು. ತಂತಿಯಿಂದ ಒಂದೊಂದೇ ತೂತು ಚುಚ್ಚಿದವು, ತುಟಿ ಎಣಿಸುತ್ತಿತ್ತು. ಒಂದೂ ತಪ್ಪಲಿಲ್ಲ. ಕೊನೆಗೆ ಎರಡೂ ಕೈಯಲ್ಲಿ ಇಲ್ಲದ ಒಂದು ಕೋರನ್ನು ಎತ್ತಿದ. ಅದರ ಭಾರಕ್ಕೆ ತೋಳು ಸ್ವಲ್ಪ ನಡುಗಿತು. ಗೆರೆ ನೋಡಿದ. ಹಾಗೇ ಅಚ್ಚಿಗೆ ಇಡುವುದರ ಬದಲು, ಅವನು ಎಂದೂ ಮಾಡದಿದ್ದದ್ದನ್ನು ಮಾಡಿದ. ತನ್ನ ಬಲಗೆನ್ನೆಗೆ ಒತ್ತಿಕೊಂಡು ಕಾದ.

ನಾನೂ ಕಾದೆ. ಅವನು ಅದನ್ನು ಮೆಲ್ಲನೆ ಇಳಿಸಿ, ಅಚ್ಚಿನಿಂದ ದೂರಕ್ಕೆ, ಬೇಡದವುಗಳನ್ನು ಇಡುವ ಕಡೆಗೆ ಇಟ್ಟ. ಆಮೇಲೆ ಕಣ್ಣಿಲ್ಲದ ಆ ಮಗ್ಗುಲನ್ನು ನಾನು ನಿಂತ ಕಡೆ ತಿರುಗಿಸಿದ. "ಬಟ್ಟೆ ಒಣಗ್ತೇನವ್ವ?" ಎಂದ. ಇನ್ನೂ ಇಲ್ಲ ಅಣ್ಣ ಎಂದೆ. ತಲೆಯಾಡಿಸಿದ. ಅದಾದ ಮೇಲೆ ಅವನು ಬಹಳ ದಿನ ಇರಲಿಲ್ಲ...

ಇಷ್ಟೆಲ್ಲ ನೆನಪಾಗುವಷ್ಟು ಹೊತ್ತು ನಾನು ಲ್ಯಾಬಿನ ಮೇಜಿನ ಮುಂದೆ ನಿಂತಿದ್ದೆ. ಮೇಡಂ, ಏನಮ್ಮ ಹಾಗೆ ನೋಡ್ತಿದ್ದೀರಿ ಎಂದರು. ಪಾತ್ರೆಯ ಮೈಮೇಲೆ ಅಲ್ಲಲ್ಲಿ ಚೌಕನೆಯ ತೇಪೆಗಳಿದ್ದವು. ಅವು ಆಮೇಲೆ ಯಾರೋ ರಿಪೇರಿ ಮಾಡಿದ್ದು ಎಂದು ಅವರು ಬರೆದುಕೊಂಡಿದ್ದರು. ನನ್ನ ಬಾಯಿ ತಾನೇ ತೆರೆಯಿತು. ಅದು ತೇಪೆಯಲ್ಲ, ಅಚ್ಚಿಗೂ ಕೋರಿಗೂ ನಡುವೆ ಒಂದೇ ಅಳತೆಯ ಸಂದು ಉಳಿಯಲೆಂದು ಇಡುವ ಕಬ್ಬಿಣದ ಚೂರು, ಎರಕ ಸುರಿದಾಗ ಅಲ್ಲೇ ಸೇರಿಕೊಳ್ಳುತ್ತದೆ ಎಂದೆ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಕುರ್ಚಿ ಎಳೆದು ಕೂರಿಸಿದರು. ಆರು ವರ್ಷದಲ್ಲಿ ನಾನು ಒರೆಸಿದ ಕುರ್ಚಿಯಲ್ಲಿ ಅವತ್ತೇ ಮೊದಲು ಕೂತದ್ದು.

ಮುಂದಿನ ನಾಲ್ಕೈದು ದಿನ ಅವರು ತೋರಿಸಿದರು, ನಾನು ಹೇಳಿದೆ. ಉಜ್ಜಿದ ಬಿಲ್ಲೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಬ್ಬಿಣದೊಳಗೆ ಜರೀಗಿಡದ ಎಲೆಗಳಂಥ ಚಿತ್ರ. ಇದು ಬಿಳಿ ಎರಕ, ಗಾಜಿನ ಹಾಗೆ ಒಡೆಯುತ್ತದೆ ಎಂದರು. ಗಂಧಕ ಕಡಿಮೆ ಇರುವುದರಿಂದ ಇದ್ದಿಲಿನ ಬೆಂಕಿಯಲ್ಲಿ ಕರಗಿಸಿರಬೇಕು ಎಂದರು. ನಮ್ಮ ಕಡೆ ಆ ಕಾಲದಲ್ಲಿ ಕಬ್ಬಿಣವನ್ನು ಬಡಿದು ಪಾತ್ರೆ ಮಾಡುತ್ತಿದ್ದದ್ದೇ ಹೆಚ್ಚು, ಹೀಗೆ ಎರಕ ಹೊಯ್ದದ್ದು ಅಪರೂಪ, ಬಹುಶಃ ಚೀನಾ ಕಡೆಯಿಂದ ಹಡಗಿನಲ್ಲಿ ಬಂದಿರಬೇಕು, ಆದರೆ ಇನ್ನೂ ಖಚಿತವಿಲ್ಲ ಎಂದರು. ಅಣ್ಣ ಇದಕ್ಕೆ ಚೀನಚಟ್ಟಿ ಅಂತಿದ್ದ ಎಂದೆ. ಮೇಡಂ ಆ ಪದವನ್ನು ಬರೆದುಕೊಂಡರು. ಆಮೇಲೆ, ನಿಮ್ಮ ಅಣ್ಣನ ಹತ್ತಿರ ಮಾತಾಡಬಹುದಾ ಎಂದು ಕೇಳಿದರು. ಇಲ್ಲ ಮೇಡಂ ಎಂದೆ.

ಕೊನೆಗೆ ಅವರು ತೂತುಗಳಿಗೆ ಬಂದರು. ಒಳಮೈಯಲ್ಲಿ ಮಾತ್ರ ಇವೆ, ಅದೂ ಒಂದೇ ಮಗ್ಗುಲಲ್ಲಿ. ದೊಡ್ಡದು ಮಾಡಿ ಕಂಪ್ಯೂಟರಿನಲ್ಲಿ ತೋರಿಸಿದರು. ಒಂದೊಂದು ತೂತಿನ ಗೋಡೆಯೂ ನುಣ್ಣಗೆ ಹೊಳೆಯುತ್ತಿತ್ತು. ಒಳಗೆ ಸಿಕ್ಕಿಬಿದ್ದ ಆವಿ ಮಾಡಿದ ಜಾಗ ಅದು. ಆ ಆವಿ ಹೋಗಿ ಐದಾರು ನೂರು ವರ್ಷವಾದರೂ ಅದು ಕೂತಿದ್ದ ಜಾಗ ಹಾಗೇ ಇತ್ತು.

"ಅಂದ್ರೆ ಅಚ್ಚು ಮಾಡಿದವನು ಎಲ್ಲೋ ತಪ್ಪಿದಾನೆ, ಅಲ್ವಾಮ್ಮ?" ಎಂದು ಮೇಡಂ ಬರೆಯಲು ಶುರು ಮಾಡಿದರು.

ನನ್ನ ಕಿವಿಯಲ್ಲಿ ಗುಂಯ್ ಎಂದಿತು.

"ಅಚ್ಚು ಮಾಡಿದವನ ತಪ್ಪಲ್ಲ ಮೇಡಂ. ಅವನು ಸರಿಯಾಗೇ ಮಾಡಿದ್ದ. ಕೋರು ಒಂದ್ ಕಡೆ ಒಣಗಿರ್ಲಿಲ್ಲ. ಒಣಗಿಸೋರು ಕೆನ್ನೆಗೊತ್ತಿ ನೋಡ್ಲಿಲ್ಲ. ಹಂಗೇ ಬರ್ಕೊಳ್ಳಿ."

ಮೇಡಂ ಬರೆದುಕೊಂಡರು. ಒಂದು ಪದವನ್ನು ಹೊಡೆದು ಹಾಕಿ ಮೇಲೆ ಇನ್ನೊಂದು ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಕೆನ್ನೆಗೆ ಒತ್ತುವುದು ಅಂದರೆ ಏನು ಎಂದು ಕೇಳಿದರು. ಹೇಳಿದೆ. ಪೌಡರಿನ ವಿಷಯವನ್ನೂ ಹೇಳಿದೆ. ಅವರು ಪೆನ್ನು ಮುಚ್ಚಿ ಇಟ್ಟುಬಿಟ್ಟರು.

ಅವರು ಊಟಕ್ಕೆ ಇಳಿದ ಮೇಲೆ ಮೇಜು ಒರೆಸಲು ಹೋದೆ. ಪಾತ್ರೆ ಮುಟ್ಟಬಾರದು ಎಂದು ಗೊತ್ತಿತ್ತು. ಬೆರಳ ಗಿಣ್ಣಿನಿಂದ ಮೂರು ಸಲ ತಟ್ಟಿದೆ. ಸದ್ದು ಅಲ್ಲೇ ಸತ್ತಿತು. ಮೂಗಿ. ಸ್ವಲ್ಪ ಹೊತ್ತಾದ ಮೇಲೆ ಕೋಣೆಯ ಆ ಮೂಲೆಯಿಂದ ಟಕ್, ಟಕ್, ಟಕ್ ಎಂದು ಮೂರು ಸಲ ಕೇಳಿತು. ಎ.ಸಿ.ಯ ತಗಡು ಇದ್ದರೂ ಇರಬಹುದು. ನಾನು ಆ ಕಡೆ ನೋಡಲಿಲ್ಲ. ಬಗ್ಗಿ, ತೂತುಗಳಿದ್ದ ಮಗ್ಗುಲಿಗೆ ಬಲಗೆನ್ನೆ ಒತ್ತಿದೆ. ಎ.ಸಿ. ಕೋಣೆಯಲ್ಲಿ ಕಬ್ಬಿಣ ತಣ್ಣಗಿರುವುದು ಸಹಜ. ಆದರೆ ಇದು ಬೇರೆ ತಣ್ಣಗೆ. ಮೊದಲು ಏನೂ ಇಲ್ಲದೆ, ಆಮೇಲೆ ಒಳಗಿನಿಂದ ಮೆಲ್ಲಗೆ ಬಂದು ಚುಚ್ಚುವ, ತೇವದ ತಣ್ಣಗೆ. ಅವತ್ತು ನನಗೆ ಸಿಗಬೇಕಾಗಿದ್ದು ಅದೇ.

ಮೇಡಂ ವಾಪಸ್ಸು ಬಂದಾಗ, ಮುಟ್ಟಿಬಿಟ್ಟೆ ಎಂದು ಹೇಳಿದೆ. ಅವರು ಬೈಯಲಿಲ್ಲ. ನನ್ನ ಮುಖ ನೋಡಿ ಟಿಶ್ಯೂ ಕೊಟ್ಟು, ಕೆನ್ನೆಗೆ ಏನೋ ಹತ್ತಿದೆ, ಒರೆಸಿಕೊಳ್ಳಿ ಎಂದರು. ಬಚ್ಚಲ ಕನ್ನಡಿಯಲ್ಲಿ ನೋಡಿದೆ. ತುಕ್ಕು ಕೆಂಪಗಿರಬೇಕು. ಇದು ಕರ್ರಗಿತ್ತು, ಸೀಸದ ಪುಡಿಯ ಹಾಗೆ ಹೊಳೆಯುತ್ತಿತ್ತು. ಟಿಶ್ಯೂವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿ ಹೊರಗೆ ಬಂದೆ.

ಸಂಜೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಬದಲಿಸುವಾಗಲೂ ಒರೆಸಲಿಲ್ಲ. ಪಕ್ಕ ಕೂತ ಹೆಂಗಸು ಎರಡು ಸಲ ತಿರುಗಿ ನೋಡಿದಳು. ಮನೆ ಸೇರಿ, ಚೀಲ ಕೂಡ ಇಳಿಸದೆ ಹಿತ್ತಲಿಗೆ ಹೋದೆ. ಇನ್ನೂ ಬೆಳಕಿತ್ತು. ಅಣ್ಣ ಕೂರುತ್ತಿದ್ದ ಮೆಟ್ಟಿಲಿನ ಎಡಗಡೆಗೆ, ಅವನ ಕಣ್ಣು ಉಳಿದಿದ್ದ ಕಡೆಗೆ ಬಂದು, ಮಸಿ ಹತ್ತಿದ ಕೆನ್ನೆಯನ್ನು ಆ ಕಡೆ ತಿರುಗಿಸಿ ನಿಂತೆ.

"ನೋಡಿರ್ಲಿಲ್ಲ ಅಣ್ಣ" ಎಂದೆ.

ಈ ಒಂದು ಮಾತು ಕೇಳಲು ಹನ್ನೊಂದು ವರ್ಷ ಅವನು ಅದೇ ಮೆಟ್ಟಿಲ ಮೇಲೆ ಕೂತಿದ್ದ.